ನೀಲಿ ಬಾನಿಗೆ ಮದ್ದು

ಟಬ್ಬು ಬಂದದ್ದು ಅದಿರಿನ ಲಾರಿಯಲ್ಲಿ.

ಅದು 2006ನೇ ಇಸವಿ. ಹೊನ್ನೂರುಸ್ವಾಮಿಯ ಎಂಟು ಲಾರಿಗಳು ಸಂಡೂರಿನ ಗುಡ್ಡಗಳಿಂದ ಕಬ್ಬಿಣದ ಅದಿರು ಹೇರಿಕೊಂಡು ಗೋವಾ ಕಡೆಯ ಬಂದರಿಗೆ ಹೋಗುತ್ತಿದ್ದವು. ಹೋಗುವಾಗ ಬಿರಿಯುವಷ್ಟು ತುಂಬಿದ ಗಾಡಿ ಬರುವಾಗ ಖಾಲಿ. ಆ ಖಾಲಿ ಗಾಡಿಗಳಲ್ಲಿ ಹೊಸಪೇಟೆಗೆ ಏನೇನೋ ಬಂದಿಳಿದವು. ಗೋಡಂಬಿ ಮೂಟೆ, ಬೆತ್ತದ ಸೋಫಾ, ಒಮ್ಮೆ, ಬಾರಿಸಲು ಯಾರಿಗೂ ಬಾರದ ಒಂದು ಪಿಯಾನೊ. ಸೆಪ್ಟೆಂಬರಿನಲ್ಲಿ ಡ್ರೈವರ್ ಓಬಳೇಶ ಅಲ್ಲಿಂದಲೇ ಫೋನ್ ಮಾಡಿದ. ಸಮುದ್ರದ ದಂಡೆಯ ಒಂದು ರೆಸಾರ್ಟಿನವರು ಹಳೆಯ ಸಾಮಾನು ಮಾರುತ್ತಿದ್ದರು. ಅದರಲ್ಲಿ ಒಂದು ಬಿಸಿನೀರಿನ ಟಬ್ಬಿತ್ತು.

“ಅಣ್ಣಾ, ನೀರು ತಾನಾ ಕಾಯ್ತೈತಿ, ತಾನಾ ತಿರಗತೈತಿ, ಗುಳುಗುಳು ಅಂತೈತಿ. ಅವ್ವನ ಮೊಣಕಾಲಿಗೆ ಹೇಳಿ ಮಾಡಿಸಿದಂಗೈತಿ.”

ಅವ್ವ ಎಂದರೆ ಹೊನ್ನೂರುಸ್ವಾಮಿಯ ತಾಯಿ ಚೆನ್ನಬಸಮ್ಮ. ಮೆಟ್ರಿ ಹಳ್ಳಿಯ ಗದ್ದೆಗಳಲ್ಲಿ ನಲವತ್ತು ವರ್ಷ ನೀರಲ್ಲಿ ನಿಂತು, ಸೊಂಟ ಬಗ್ಗಿಸಿ ಭತ್ತ ನಾಟಿ ಮಾಡಿದ ಹೆಂಗಸು. ಈಗ ಮಗನ ಹೊಸ ಮನೆಯಲ್ಲಿ ನೆಲಕ್ಕೆ ಕುಳಿತರೆ ಏಳಲು ಇಬ್ಬರು ಬೇಕು. ದಿನಾ ಇಪ್ಪತ್ತು ನಿಮಿಷ ಬೆಚ್ಚನೆಯ ನೀರಲ್ಲಿ ಕಾಲು ಮುಳುಗಿಸಿಡಿ ಎಂದು ಡಾಕ್ಟರು ಹೇಳಿದ್ದರು. ಬಕೆಟ್ಟಿನಲ್ಲಿ ಪಾದ ಮುಳುಗುತ್ತಿತ್ತೇ ಹೊರತು ಮೊಣಕಾಲು ಮುಳುಗುತ್ತಿರಲಿಲ್ಲ.

ಟಬ್ಬನ್ನು ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಇಳಿಸಿದರು. ನೀಲಿ ಬಣ್ಣ, ನಾಲ್ಕು ಜನ ಕೂರುವ ಅಗಲ, ಒಂಬೈನೂರು ಲೀಟರು ನೀರು. ಪಕ್ಕಕ್ಕೆ ಮೂರು ಮೆಟ್ಟಿಲು, ಮೇಲೆ ದಪ್ಪ ಮುಚ್ಚಳ. ಒಳಗೆ ಅಂಟಿದ್ದ ಕೆಂಪು ಧೂಳನ್ನು ತೊಳೆಯಲು ಒಂದು ಇಡೀ ಬೆಳಿಗ್ಗೆ ಬೇಕಾಯಿತು. ಚೆನ್ನಬಸಮ್ಮ ಸುತ್ತಲೂ ನಡೆದು ನೋಡಿ, “ಇದೇನಬೇ, ನಮ್ಮ ದನ ನೀರು ಕುಡಿಯೋ ಬಾನಿ ಇದ್ದಂಗೈತಿ,” ಎಂದಳು. ಅಂದಿನಿಂದ ಆ ಮನೆಯಲ್ಲಿ ಅದಕ್ಕೆ ನೀಲಿ ಬಾನಿ ಎಂದೇ ಹೆಸರು.

ಬಿಸಿನೀರು ದಿನಗಟ್ಟಲೆ ನಿಲ್ಲುವ ಕಡೆ ಮದ್ದು ಹಾಕಬೇಕು ಎಂಬುದು ಆ ಮನೆಯಲ್ಲಿ ಸೊಸೆ ಸುಕನ್ಯಾಳಿಗೆ ಮಾತ್ರ ಹೊಳೆಯಿತು. ಹೊಸಪೇಟೆಯ ಕಾಲೇಜಿನಲ್ಲಿ ಬಿ.ಎಸ್ಸಿ. ಓದಿದವಳು. ಕಂಪ್ಲಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ ಜಡೆಪ್ಪನನ್ನು ಕೇಳಿದಳು. ಅವನು ಒಳಗಿನಿಂದ ಒಂದು ಡಬ್ಬಿ ತಂದು, “ಈಜುಕೊಳದ ಗುಳಿಗಿ ತಂಗಿ, ಮೂರು ಹಾಕಿಬಿಡು, ಭಾಳ ದಿನಕ್ಕ ಚಿಂತಿಲ್ಲ,” ಎಂದ. ಬಿಲ್ಲೆಯಂತಹ ಬಿಳಿ ಗುಳಿಗೆ, ಮೂಗಿಗೆ ಹೊಡೆಯುವ ವಾಸನೆ. ಸುಕನ್ಯಾ ತನ್ನ ಕೈಯಾರೆ ಮೂರನ್ನು ಟಬ್ಬಿನ ನೀರು ಸೋಸುವ ಬಲೆಬುಟ್ಟಿಗೆ ಹಾಕಿದಳು. ಮರುದಿನ ಮುಚ್ಚಳ ಎತ್ತಿ ನೋಡಿದರೆ ಬುಟ್ಟಿ ಖಾಲಿ. ಕರಗಿವೆ ಎಂದುಕೊಂಡಳು.

ನಾಲ್ಕು ಸಂಜೆ ಚೆನ್ನಬಸಮ್ಮ ಸೀರೆ ಉಟ್ಟುಕೊಂಡೇ ನೀರಿಗೆ ಇಳಿದಳು. ಕೆಳಗಿನಿಂದ ಗುಳ್ಳೆ ಏಳುತ್ತಿದ್ದರೆ ನಕ್ಕಳು. “ಗಂಗವ್ವ ಕಚಗುಳಿ ಇಡ್ತಾಳಲೇ ಸ್ವಾಮೀ!” ಎಂದು ಮಗನನ್ನು ಕೂಗಿ ಕರೆದು ಹೇಳಿದಳು.

ಆ ನಾಲ್ಕು ದಿನಗಳಲ್ಲಿ ಇನ್ನೊಂದು ಸಂಗತಿ ನಡೆಯಿತು. ಮೂರನೆಯ ಸಂಜೆ ಸುಕನ್ಯಾ ಮಹಡಿಯಲ್ಲಿ ಬಟ್ಟೆ ಮಡಚುತ್ತಿದ್ದಾಗ ಕೆಳಗಿನಿಂದ ಪಟಪಟ ಸದ್ದು ಬಂತು. ಇಳಿದು ನೋಡಿದರೆ ಅತ್ತೆ ಅಡುಗೆಮನೆಯ ನೆಲದ ಮೇಲೆ ಕಾಲು ಮಡಚಿ ಕುಳಿತು ಜೋಳದ ರೊಟ್ಟಿ ಬಡಿಯುತ್ತಿದ್ದಾಳೆ. ಸುಕನ್ಯಾ ಈ ಮನೆಗೆ ಬಂದು ಮೂರು ವರ್ಷ. ಅತ್ತೆಯ ರೊಟ್ಟಿಯ ಹೆಸರು ಕೇಳಿದ್ದಳು, ಸದ್ದು ಕೇಳಿರಲಿಲ್ಲ. ಯಾರ ಕೈಯೂ ಹಿಡಿಯದೆ ಎದ್ದು ನಿಂತ ಮುದುಕಿ, “ಏನ್ ನೋಡ್ತೀ, ಹಂಚು ಇಳಸು,” ಎಂದಿದ್ದಳು.

ಐದನೆಯ ದಿನ ಚೆನ್ನಬಸಮ್ಮನ ತೊಡೆ, ಬೆನ್ನು, ಸೊಂಟದ ಸುತ್ತ ಕೆಂಪು ಗುಳ್ಳೆಗಳೆದ್ದವು. ಒದ್ದೆ ಸೀರೆ ಬಿಗಿದಿದ್ದ ಕಡೆಯಲ್ಲೆಲ್ಲ ತುರಿಕೆ. ಡಾಕ್ಟರು ಮುಲಾಮು ಕೊಟ್ಟು ಕಳಿಸಿದರು.

“ಬಿ.ಎಸ್ಸಿ. ಸೊಸಿ ಹಾಕಿದ ಗುಳಿಗಿ,” ಎಂದು ಚೆನ್ನಬಸಮ್ಮ ಗೋಡೆಗೆ ಹೇಳುವವಳಂತೆ ಹೇಳಿದಳು. “ವಿಷ ಅದು. ನಾ ಇನ್ನ ಆ ಬಾನ್ಯಾಗ ಕಾಲಿಡಂಗಿಲ್ಲ.”

ರೊಟ್ಟಿಯ ಸದ್ದು ನಿಂತಿತು.

ಹೊನ್ನೂರುಸ್ವಾಮಿಗೆ ಯಾವ ತೊಂದರೆಗೂ ದೊಡ್ಡ ಪ್ರಮಾಣದ ಪರಿಹಾರವೇ ಬೇಕು. ಲಾರಿ ನಿಲ್ಲಿಸುವ ಅಂಗಳದ ಮೋರಿಗೆಂದು ತಂದಿದ್ದ ಬ್ಲೀಚಿಂಗ್ ಪೌಡರನ್ನು ಅರ್ಧ ಕಿಲೋದಷ್ಟು ಟಬ್ಬಿಗೆ ಸುರಿದು ಪಂಪು ಹಾಕಿದ. ಬೋರ್‌ವೆಲ್ಲಿನ ತಿಳಿನೀರು ನೋಡನೋಡುತ್ತ ಹಳದಿಯಾಯಿತು, ಆಮೇಲೆ ಕಂದು, ಅರ್ಧ ಗಂಟೆಯಲ್ಲಿ ಸಂಡೂರಿನ ರಸ್ತೆಯ ಬಣ್ಣಕ್ಕೆ ತಿರುಗಿತು.

“ಸುಕನ್ಯಾ, ಜಲ್ದಿ ಬಾ ಇಲ್ಲಿ!” ಎಂದು ಕೂಗಿದ. “ಮನ್ಯಾಗ ಗಣಿ ಸಿಕ್ಕೈತಿ ನೋಡು. ಅರವತ್ಮೂರು ಗ್ರೇಡು ಅದಿರು!”

“ನಗ್ರಿ ನೀವು,” ಎಂದಳು ಸುಕನ್ಯಾ. “ಅತ್ತಿ ಬಾಯಾಗ ನಾ ವಿಷ ಹಾಕಿದಾಕಿ ಆಗೀನಿ, ನಿಮಗ ಗ್ರೇಡು.”

ದಸರಾ ಮುಗಿದ ಮರುದಿನ ಚೆನ್ನಬಸಮ್ಮ ಒಂದು ತೀರ್ಪು ಕೊಟ್ಟಳು. ನಾಲ್ಕು ಸಂಜೆಯ ಸುಖವನ್ನು ಅವಳ ಮೊಣಕಾಲೂ ಮರೆತಿರಲಿಲ್ಲ.

“ದೀಪಾವಳಿ ಎಣ್ಣಿಸ್ನಾನದ ದಿನ ಇನ್ನೊಂದು ಸಲ ಇಳದು ನೋಡ್ತೀನಿ. ಒಂದೇ ಸಲ. ಅವತ್ತೂ ತುರಿಕಿ ಬಂತಂದ್ರ ಈ ಬಾನಿ ಮೆಟ್ರಿಗೆ ಕಳಸ್ರಿ. ಎಮ್ಮಿಗಾದ್ರೂ ಉಪಯೋಗಕ್ಕ ಬರ್ಲಿ.”

ದೀಪಾವಳಿಗೆ ಮೂರು ವಾರಕ್ಕೆ ಎರಡು ದಿನ ಕಡಿಮೆಯಿತ್ತು.

ಸುಕನ್ಯಾ ಎರಡು ಬಾಟಲಿ ನೀರು ಹಿಡಿದು ಕಮಲಾಕರ ಸರ್ ಬಳಿಗೆ ಹೋದಳು. ಕಾಲೇಜಿನಲ್ಲಿ ಅವಳಿಗೆ ರಸಾಯನಶಾಸ್ತ್ರ ಕಲಿಸಿದವರು ಅವರು. ಈಗ ಅದಿರು ಪರೀಕ್ಷಿಸುವ ಖಾಸಗಿ ಲ್ಯಾಬಿನಲ್ಲಿದ್ದರು. ಯಾವ ಗುಡ್ಡದ ಮಣ್ಣಿನಲ್ಲಿ ಎಷ್ಟು ಕಬ್ಬಿಣ ಎಂದು ಅವರು ಬರೆದುಕೊಟ್ಟ ಮೇಲೆಯೇ ಹಡಗು ತುಂಬುತ್ತಿತ್ತು. ಹಣೆಯ ಮೇಲೆ ಅಂಗಾರ ಅಕ್ಷತೆ, ಬೆರಳ ಸಂದಿಗಳಲ್ಲಿ ತೊಳೆದರೂ ಹೋಗದ ಕೆಂಪು.

“ಏನಮ್ಮಾ, ನೀನೂ ಗಣಿ ತೆಗೆದೆಯಾ?” ಎಂದರು ಕಂದು ಬಾಟಲಿಯನ್ನು ಬೆಳಕಿಗೆ ಹಿಡಿದು.

ಮರುದಿನ ಹೋದಾಗ ಲೆಕ್ಕ ಸಿದ್ಧವಾಗಿತ್ತು. “ನಿಮ್ಮ ಬೋರಿನ ನೀರಿನಲ್ಲಿ ಲೀಟರಿಗೆ ಒಂದೂವರೆ ಮಿಲಿಗ್ರಾಂ ಕಬ್ಬಿಣ ಇದೆ. ಕುಡಿಯುವ ನೀರಿನಲ್ಲಿ ಇರಬಹುದಾದ್ದರ ಐದು ಪಟ್ಟು. ಕರಗಿದ್ದಷ್ಟು ಹೊತ್ತೂ ಕಾಣಿಸುವುದಿಲ್ಲ. ಕ್ಲೋರಿನ್ ಬಿದ್ದ ಕೂಡಲೇ ತುಕ್ಕಾಗಿ ಹೊರಗೆ ಬರುತ್ತದೆ. ಟಬ್ಬಿಗೆ ನಲ್ಲಿಯ ಹೊಳೆ ನೀರನ್ನೇ ತುಂಬಿಸು.”

“ಸರಿ ಸರ್. ಮದ್ದು ಯಾವುದು ಹಾಕಬೇಕು?”

“ಅದಕ್ಕೂ ಮೊದಲು ನನಗೊಂದು ಉತ್ತರ ಬೇಕು. ಅತ್ತೆಯವರಿಗೆ ತುರಿಕೆ ಬಂದದ್ದು ನೀರಲ್ಲಿದ್ದಾಗಲೋ, ಆಮೇಲೋ?”

“ಐದನೇ ದಿನ ಸರ್. ನೀರಾಗಿದ್ದಾಗ ಕಣ್ಣು ಉರೀಲಿಲ್ಲ, ಮೂಗು ಕಟ್ಟಲಿಲ್ಲ. ಆರಾಮಾಗಿ ನಗ್ತಿದ್ರು.”

ಕಮಲಾಕರ ಕನ್ನಡಕ ತೆಗೆದರು. “ನಾನು ವೈದ್ಯನಲ್ಲ. ಆದರೆ ಮದ್ದು ಹೆಚ್ಚಾಗಿದ್ದರೆ ಕಣ್ಣು ಅಲ್ಲೇ ಉರಿಯಬೇಕಿತ್ತು. ಇಳಿದು ಒಂದೆರಡು ದಿನದ ಮೇಲೆ ಬಟ್ಟೆ ಅಂಟಿದ ಕಡೆ ಗುಳ್ಳೆ ಎದ್ದರೆ, ಸಾಮಾನ್ಯವಾಗಿ ಅದು ಮದ್ದಿಲ್ಲದ ಬಿಸಿನೀರಿನಲ್ಲಿ ಬೆಳೆಯುವ ಕ್ರಿಮಿಯ ಕೆಲಸ.”

“ಮೂರು ಗುಳಿಗಿ ನಾನೇ ಹಾಕೀನಿ ಸರ್. ಬೆಳಿಗ್ಗೆಗೆ ಕರಗಿದ್ವು.”

“ಅಷ್ಟು ದೊಡ್ಡ ಗುಳಿಗೆ ಒಂದು ರಾತ್ರಿಯಲ್ಲಿ ಕರಗುವುದಿಲ್ಲ. ನಾಲ್ಕೈದು ದಿನವಾದರೂ ಬೇಕು. ಬೆಳಿಗ್ಗೆ ಇರಲಿಲ್ಲ ಅಂದರೆ ಯಾರೋ ತಿಂದಿರಬೇಕು.”

ಇಬ್ಬರೂ ನಕ್ಕರು. ಸುಕನ್ಯಾ ನಗುತ್ತಲೇ ಆ ಮಾತನ್ನು ತಲೆಯ ಒಂದು ಮೂಲೆಯಲ್ಲಿಟ್ಟಳು.

ಆಮೇಲೆ ಅವರು ಪಾಠ ಮಾಡುವಾಗಿನ ದನಿಯಲ್ಲಿ ವಿವರಿಸಿದರು. ಬ್ಲೀಚಿಂಗ್ ಪೌಡರಿನಲ್ಲಿ ಸುಣ್ಣದ ಅಂಶ ಹೆಚ್ಚು. ನೀರು ಕಲಕುತ್ತದೆ, ಕಾಯಿಸುವ ಕೊಳವೆಯಲ್ಲಿ ಗಾರೆಯಂತೆ ಕಟ್ಟುತ್ತದೆ. ಜಡೆಪ್ಪನ ಗುಳಿಗೆ ತಣ್ಣೀರಿನ ದೊಡ್ಡ ಕೊಳಕ್ಕೆ ಮಾಡಿದ್ದು, ಹುಳಿ ಗುಣ, ಚಿಕ್ಕ ಟಬ್ಬನ್ನು ತಿನ್ನುತ್ತದೆ. ಇನ್ನು ಉಳಿದವು ಎರಡು. ಒಂದು ಬ್ರೋಮಿನ್ ಗುಳಿಗೆ. ಬಿಸಿನೀರಿನಲ್ಲಿ ಹೆಚ್ಚು ಹೊತ್ತು ತಾಳುತ್ತದೆ, ವಾಸನೆ ಕಡಿಮೆ. ತೇಲುವ ಡಬ್ಬಿಯಲ್ಲಿ ಹಾಕಿಬಿಟ್ಟರೆ ತಾನೇ ಕರಗುತ್ತಿರುತ್ತದೆ. ಬಿಸಿಲು ತಾಗಬಾರದು, ಆದರೆ ಇಲ್ಲಿ ಶೆಡ್ಡಿದೆ. ಇನ್ನೊಂದು ಡೈಕ್ಲೋರ್ ಎಂಬ ಕ್ಲೋರಿನ್ ಹರಳು. ಸಕ್ಕರೆಯಂತೆ ಕರಗುತ್ತದೆ, ಬೇಗ ಕೆಲಸ ಮಾಡುತ್ತದೆ, ಬೇಗ ಮುಗಿದೂ ಹೋಗುತ್ತದೆ. ಹಾಗಾಗಿ ಪ್ರತಿ ಸಲ ಸ್ನಾನ ಮುಗಿದ ಮೇಲೆ ಮರೆಯದೆ ಹಾಕಬೇಕು.

“ಮರೆಯುವ ಮನೆಗೆ ಬ್ರೋಮಿನ್, ನೆನಪಿಟ್ಟುಕೊಳ್ಳುವ ಮನೆಗೆ ಹರಳು. ನೀನು ಬ್ರೋಮಿನ್ ತರಿಸು. ಸಿಗದಿದ್ದರೆ ಹರಳು. ಯಾವುದಾದರೂ ಸರಿ, ಒಂದರ ಡಬ್ಬಿಗೆ ಇನ್ನೊಂದು ಹಾಕಬೇಡ. ಬೆಂಕಿ ಹತ್ತುತ್ತದೆ. ಚಮಚ ಒಣಗಿರಲಿ.”

ಹೊಸಪೇಟೆಯಲ್ಲಿ ಎರಡೂ ಸಿಗಲಿಲ್ಲ. ಸುಕನ್ಯಾ ಎರಡರ ಹೆಸರನ್ನೂ ಚೀಟಿಯಲ್ಲಿ ಬರೆದು ಓಬಳೇಶನ ಕೈಗೆ ಕೊಟ್ಟಳು. ಐದನೆಯ ದಿನ ಅವನು ಎರಡು ಡಬ್ಬಿ, ಬಾತುಕೋಳಿಯಾಕಾರದ ಒಂದು ಪ್ಲಾಸ್ಟಿಕ್ ತೇಲುಡಬ್ಬಿ, ನೀರು ಪರೀಕ್ಷಿಸುವ ಕಾಗದದ ಪಟ್ಟಿಗಳು, ಎಲ್ಲವನ್ನೂ ತಂದಿಳಿಸಿದ.

“ಒಂದು ಸಿಗದಿದ್ರ ಇನ್ನೊಂದು ಅಂತ ಬರದಿದ್ದೆ ಓಬಳೇಶಪ್ಪಾ.”

“ಎರಡೂ ಸಿಕ್ವು ತಂಗಿ. ಹೆಂಗೂ ಗಾಡಿ ಖಾಲಿ,” ಎಂದ ಓಬಳೇಶ. ಹೋಗುವವನು ನಿಂತ. “ಅಂದಂಗ, ನಮ್ಮ ಡ್ರೈವರ್ ಪಾಯಿಖಾನ್ಯಾಗ ಯಾರೋ ಏನೋ ಇಟ್ಟಾರ. ಒಳಗ ಹೋದ್ರ ಕಣ್ಣಾಗ ನೀರು ಬರ್ತಾವ. ಮೊನ್ನೆ ಒಬ್ಬ ಅತ್ಕೊಂತ ಹೊರಗ ಬಂದ, ಮನಿಯಾಗ ಏನರ ಆಗೈತೇನೋ ಅಂತ ನಾವೆಲ್ಲ ಸಮಾಧಾನ ಮಾಡಿದ್ವಿ.”

“ಫಿನಾಯಿಲ್ ಹೆಚ್ಚಾಗಿರಬೇಕು. ಆಮೇಲೆ ನೋಡ್ತೀನಿ,” ಎಂದಳು ಸುಕನ್ಯಾ. ಅವಳ ಗಮನವೆಲ್ಲ ಡಬ್ಬಿಗಳ ಮೇಲಿತ್ತು.

ಟಬ್ಬನ್ನು ಬರಿದು ಮಾಡಿ, ಉಜ್ಜಿ, ನಲ್ಲಿ ನೀರು ಬಿಡುವ ದಿನ ನೋಡಿ ತುಂಬಿಸಿದಳು. ಬ್ರೋಮಿನ್ ಗುಳಿಗೆಗಳನ್ನು ತೇಲುಡಬ್ಬಿಗೆ ಹಾಕಿ ಬಿಟ್ಟಳು. ದಿನಾ ಬೆಳಿಗ್ಗೆ ಸಂಜೆ ಕಾಗದದ ಪಟ್ಟಿ ಅದ್ದಿ, ಬಣ್ಣವನ್ನು ಪಟ್ಟಿಯ ಡಬ್ಬಿಯ ಮೇಲಿನ ಬಣ್ಣಕ್ಕೆ ಹೋಲಿಸಿ, ಮದ್ದಿನ ಮಟ್ಟದ ಅಂಕಿಯನ್ನು ಕ್ಯಾಲೆಂಡರಿನಲ್ಲಿ ಬರೆದಳು. ಮೊದಲ ಎರಡು ದಿನ ಒಂದು. ಆಮೇಲೆ ಎರಡು. ನಂತರ ಮೂರೂವರೆ, ನಾಲ್ಕು, ನಾಲ್ಕು. ಬೇಕಾದದ್ದೂ ಅಷ್ಟೇ. ನೀರು ಗಾಜಿನಂತೆ ನಿಂತಿತು.

ಚೆನ್ನಬಸಮ್ಮ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಇದೆಲ್ಲ ನೋಡುತ್ತಿದ್ದಳು.

“ಏನಬೇ ಆ ಪಟ್ಟಿ? ಬಸುರಿ ನೋಡೋದೇನು?”

“ನೀರು ಚಲೋ ಐತೇನಂತ ನೋಡೋದು ಅತ್ತಿ.”

“ನೀರು ಚಲೋ ಐತೋ ಇಲ್ಲೋ ಕೈಯಾಗ ಹಿಡದ್ರ ಗೊತ್ತಾಗತೈತಿ. ನಮ್ಮವ್ವ ಪಟ್ಟಿ ಹಿಡದಿದ್ಲೇನು?” ಎಂದವಳು, ಒಳಗೆ ತೇಲುತ್ತಿದ್ದ ಡಬ್ಬಿಯನ್ನು ಕತ್ತು ಚಾಚಿ ನೋಡಿ ಮೂಗು ಮುರಿದಳು. ಬೇರೇನೂ ಹೇಳಲಿಲ್ಲ. ಸುಕನ್ಯಾ ಅದನ್ನು ಒಪ್ಪಿಗೆ ಎಂದುಕೊಂಡಳು.

ನೀರು ತುಂಬುವ ಹಬ್ಬ ಬಂತು. ದೀಪಾವಳಿಯ ಎಣ್ಣೆಸ್ನಾನಕ್ಕೆ ಹಿಂದಿನ ದಿನವೇ ಹಂಡೆ ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬರೆದು, ಕೊರಳಿಗೆ ಹಾಗಲಬಳ್ಳಿ ಸುತ್ತಿ, ಹೊಸ ನೀರು ತುಂಬಿಡುವ ದಿನ. ಬೆಳಗಿನ ಪಟ್ಟಿ ನಾಲ್ಕು ತೋರಿಸಿದ್ದನ್ನು ಬರೆದಿಟ್ಟು ಸುಕನ್ಯಾ ನಿಶ್ಚಿಂತೆಯಿಂದ ಬಸ್ಸು ಹತ್ತಿ ಕಮಲಾಪುರಕ್ಕೆ ಹೋದಳು. ಬಾಳೆಹಣ್ಣು, ಹೂವು, ಹಾಗಲಬಳ್ಳಿ ತರಬೇಕಿತ್ತು.

ಮರಳಿದಾಗ ಮಧ್ಯಾಹ್ನ ಮೂರೂವರೆ. ಓಣಿಯ ತಿರುವಿನಲ್ಲೇ ಅವಳಿಗೆ ಏನೋ ಬದಲಾದಂತೆ ಕಂಡಿತು. ವರ್ಷವಿಡೀ ಕೆಂಪು ಧೂಳು ಹೊದ್ದಿರುವ ರಸ್ತೆಯ ನಡುವೆ ಕಪ್ಪು ಡಾಂಬರು ಹೊಳೆಯುತ್ತಿತ್ತು. ಯಾರೋ ತೊಳೆದಂತೆ. ನೀರಿನ ಜಾಡು ಹಿಡಿದು ಕಣ್ಣು ಹಾಯಿಸಿದಳು. ಅದು ತನ್ನ ಮನೆಯ ಹಿತ್ತಲ ಮೋರಿಯಿಂದ ಹೊರಟಿತ್ತು.

ಶೆಡ್ಡಿನಲ್ಲಿ ಚೆನ್ನಬಸಮ್ಮ ಮೆಟ್ಟಿಲ ಮೇಲೆ ಕುಳಿತು ನೀಲಿ ಟಬ್ಬಿನ ಹೊರಮೈಗೆ ಬೆರಳಿನಿಂದ ಸುಣ್ಣದ ಪಟ್ಟೆ ಎಳೆಯುತ್ತಿದ್ದಳು. ಒಳಗೆ ನಲ್ಲಿಯ ಪೈಪಿನಿಂದ ಹೊಸ ನೀರು ಬೀಳುತ್ತಿತ್ತು. ಅರ್ಧ ತುಂಬಿತ್ತು. ಬ್ರೋಮಿನ್ನಿನ ತೇಲುಡಬ್ಬಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ, ಗೋಡೆಯ ಕಡೆಗೆ ಮುಖ ಮಾಡಿ ಕುಳಿತಿತ್ತು.

“ಅತ್ತೀ! ಏನ್ ಮಾಡಿದ್ರಿ ಇದು? ಹತ್ತು ದಿನದ ನೀರು!”

“ಅದಕ್ಕ ಚೆಲ್ಲೀನಿ,” ಎಂದಳು ಚೆನ್ನಬಸಮ್ಮ, ತಲೆ ಎತ್ತದೆ. “ನೀರು ತುಂಬೋ ಹಬ್ಬದ ದಿನ ಹತ್ತು ದಿನದ ನೀರು ಇಟ್ಕೊಂಡು ಕುಂದ್ರತಾರೇನು? ಹಂಗಾದ್ರ ಹಬ್ಬ ಯಾಕ? ಹೊಳಿ ನೀರೇ ತುಂಬ್ಸೀನಿ, ಬೋರಿನ್ದಲ್ಲ. ಗಂಗವ್ವ ಬರಬೇಕಲ್ಲ.”

“ಮದ್ದಿನ ಡಬ್ಬಿ ಯಾಕ ತಗದ್ರಿ?”

“ತಗೀದೇ ಇನ್ನೇನು? ಬಸ್ ಸ್ಟ್ಯಾಂಡಿನ ಮೂತ್ರಿಯಾಗ ಇಡೋ ಗುಳಿಗಿ ತಂದು ನನ್ನ ಸ್ನಾನದ ನೀರಿಗೆ ಬಿಡ್ತೀ. ಅದರ ಜೊತಿ ನಾ ಕುಂದ್ರಬೇಕು. ಮೊದಲ ಸಲ ತಗದಂಗ ಇದನ್ನೂ ತಗದೆ.”

“ಮೊದಲ ಸಲ?” ಎಂದಳು ಸುಕನ್ಯಾ.

ಚೆನ್ನಬಸಮ್ಮನ ಬೆರಳು ಸುಣ್ಣದ ಪಟ್ಟೆಯ ನಡುವೆ ನಿಂತಿತು. ಬಾಯಿಂದ ಜಾರಿದ್ದನ್ನು ಮರಳಿ ಎಳೆದುಕೊಳ್ಳಲು ದಾರಿಯಿರಲಿಲ್ಲ.

“ನೀ ಹಾಕಿ ಒಳಗ ಹೋದ ಮ್ಯಾಲೆ,” ಎಂದಳು ಕೊನೆಗೆ. “ಮೂರೂ ಎತ್ತಿ ಕಾಗದದಾಗ ಸುತ್ತಿದೆ.”

“ಎಲ್ಲಿ ಹಾಕಿದ್ರಿ?”

“ಎಲ್ಲಿ ಇರಬೇಕೋ ಅಲ್ಲೇ. ಡ್ರೈವರ್ ಪಾಯಿಖಾನ್ಯಾಗ.”

ಸುಕನ್ಯಾ ಹೂವಿನ ಚೀಲ ಕೆಳಗಿಟ್ಟಳು. ಅಳುತ್ತ ಹೊರಬಂದ ಡ್ರೈವರ್ ನೆನಪಾದ. ಯಾರೋ ತಿಂದಿರಬೇಕು ಎಂದ ಕಮಲಾಕರ ಸರ್ ನೆನಪಾದರು. ಮೂರು ವಾರಗಳ ಕಾಲ ವಿಷ ಹಾಕಿದ ಸೊಸೆ ಎಂದು ಓಣಿಯವರಿಂದೆಲ್ಲ ಅನ್ನಿಸಿಕೊಂಡದ್ದೂ ನೆನಪಾಯಿತು. ಸಿಟ್ಟು ಏರಿ ಬಂದು ನಗುವಿಗೆ ಡಿಕ್ಕಿ ಹೊಡೆದು ನಿಂತಿತು.

“ಅತ್ತಿ, ಗುಳಿಗಿ ನೀರಾಗ ಇರಲೇ ಇಲ್ಲ ಅಂದ್ರ, ತುರಿಕಿ ಯಾವ ವಿಷದಿಂದ ಬಂತು?”

ಚೆನ್ನಬಸಮ್ಮ ಬೆರಳನ್ನು ಮತ್ತೆ ಸುಣ್ಣಕ್ಕೆ ಅದ್ದಿದಳು.

“ಐದು ದಿನ ಒಂದೇ ನೀರು. ಬೆಚ್ಚಗ ಮುಚ್ಚಿಟ್ಟಿದ್ವಿ. ಅನ್ನ ಹಂಗ ಇಟ್ರ ಏನಾಗತೈತಿ?”

“ಹಳಸತೈತಿ.”

“ನೀರೂ ಹಳಸತೈತಿ ಅತ್ತಿ. ಹಳಸಿದ್ದು ಕಣ್ಣಿಗೆ ಕಾಣೋದಿಲ್ಲ.”

ಮುದುಕಿ ಸುಣ್ಣದ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. “ಗುಳಿಗಿ ನೀರು ಮುಟ್ಟಿದ್ದಕ್ಕ ವಿಷ ಅದರಾಗ ಉಳದೈತಿ ಅನ್ಕೊಂಡೆ,” ಎಂದಳು. “ಹೇಳಬೇಕಂತ ಎರಡು ಸಲ ಬಾಯಿತನಕ ಬಂತು. ಅಷ್ಟರಾಗ ಇಡೀ ಓಣಿ ನಿನ್ನ ಹೆಸರು ಹೇಳಿಬಿಟ್ಟಿತ್ತು. ಆಮೇಲೆ ಯಾವ ಮುಖ ಇಟ್ಕೊಂಡು ಹೇಳ್ಲಿ?”

ಇದಕ್ಕಿಂತ ಹೆಚ್ಚಿನ ಕ್ಷಮಾಪಣೆ ಮೆಟ್ರಿಯ ಹೆಣ್ಣುಮಗಳ ಬಾಯಿಂದ ಬರುವುದಿಲ್ಲ ಎಂಬುದು ಸುಕನ್ಯಾಳಿಗೆ ಗೊತ್ತಿತ್ತು. ಅವಳು ಒಳಗೆ ಹೋಗಿ ಕಮಲಾಕರ ಸರ್‌ಗೆ ಫೋನ್ ಮಾಡಿದಳು. ಮನೆಯಲ್ಲಿ ಅವರೂ ಹಂಡೆ ತೊಳೆಯುತ್ತಿದ್ದರಂತೆ. ಪೂರ್ತಿ ಕೇಳಿಸಿಕೊಂಡ ಮೇಲೆ ಅವರಿಗೆ ಮೊದಲು ಬಂದದ್ದು ನಗುವಲ್ಲ, ಒಂದು ತಿದ್ದುಪಡಿ.

“ಮೊದಲು ಆ ಪಾಯಿಖಾನೆಯ ಗುಳಿಗೆ ತೆಗೆಸು. ಮೂತ್ರಕ್ಕೆ ಸೇರಿದರೆ ಕೆಟ್ಟ ಗಾಳಿ ಬರುತ್ತದೆ. ಇನ್ನು ಟಬ್ಬಿನ ವಿಷಯ. ನಾನು ಬ್ರೋಮಿನ್ ಎಂದದ್ದು ನೀರನ್ನು ನೋಡಿ. ನಿಮ್ಮ ಅತ್ತೆಯವರನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ನೀರಿನಲ್ಲಿ ಕಣ್ಣಿಗೆ ಕಾಣುವ ಯಾವುದನ್ನೇ ಇಟ್ಟರೂ ಅವರು ತೆಗೆಯುತ್ತಾರೆ.”

“ಹಂಗಾದ್ರ ಹರಳು ಹಾಕ್ಲಾ ಸರ್?”

“ಹರಳೇ. ಬ್ರೋಮಿನ್ ಇದ್ದ ನೀರಿಗೆ ಹರಳು ಹಾಕಿ ಪ್ರಯೋಜನವಿಲ್ಲ. ಮದ್ದು ಬದಲಿಸುವ ಮೊದಲು ಟಬ್ಬು ಬರಿದು ಮಾಡಲೇಬೇಕು. ಆ ಕೆಲಸ ಅವರೇ ಮುಗಿಸಿದ್ದಾರೆ. ಕೊಳವೆಯೊಳಗೆ ಹಳೆಯದು ಉಳಿದಿರುತ್ತದೆ, ಈಗಲೇ ಎರಡು ಚಮಚ ಹಾಕಿ ಪಂಪು ತಿರುಗಿಸು. ಬೆಳಿಗ್ಗೆ ಪಟ್ಟಿ ಮೂರಕ್ಕಿಂತ ಕಡಿಮೆ ಇರಬಾರದು, ಐದು ದಾಟಬಾರದು. ಎಣ್ಣೆ ಮೈಯಲ್ಲಿ ಮಾತ್ರ ಇಳಿಸಬೇಡ. ಎಣ್ಣೆ ಎಲ್ಲ ಮದ್ದನ್ನೂ ತಿಂದುಹಾಕುತ್ತದೆ.”

ಸುಕನ್ಯಾ ಬ್ರೋಮಿನ್ನನ್ನು ಅದರದೇ ಡಬ್ಬಿಗೆ ಸೇರಿಸಿ ಮೇಲಿನ ಅಟ್ಟಕ್ಕೆ ಎತ್ತಿಟ್ಟಳು. ಓಬಳೇಶನಿಗೆ ಹೇಳಿ ಪಾಯಿಖಾನೆ ತೊಳೆಸಿದಳು. ಆಮೇಲೆ ಹರಳಿನ ಡಬ್ಬಿ, ಒಂದು ಒಣ ಚಮಚ ಹಿಡಿದು ಶೆಡ್ಡಿಗೆ ಬಂದಳು. ಟಬ್ಬು ತುಂಬಿತ್ತು. ಹಾಗಲಬಳ್ಳಿ ಸುತ್ತಿತ್ತು. ನೀಲಿ ಮೈಯ ಮೇಲೆ ಬಿಳಿ, ಕೆಂಪು ಪಟ್ಟೆ. ಗೋವಾದಲ್ಲಿ ಅದನ್ನು ಕಂಡವರು ಯಾರೂ ಈಗ ಗುರುತು ಹಿಡಿಯುತ್ತಿರಲಿಲ್ಲ.

“ಅತ್ತಿ, ಹಂಡೆ ಹೆಂಗ ಬೆಳಗ್ತೀರಿ?”

“ಹುಣಸಿಹಣ್ಣು, ಬೂದಿ. ಯಾಕ?”

“ಈ ಬಾನಿಗೆ ಹೊಟ್ಟಿಯೊಳಗ ಪೈಪದಾವ. ಅಲ್ಲಿ ನಿಮ್ಮ ಕೈಯೂ ಹೋಗೋದಿಲ್ಲ, ನನ್ನ ಕೈಯೂ ಹೋಗೋದಿಲ್ಲ. ಇದು ಹೋಗತೈತಿ. ನೀರಾಗ ಏನೂ ತೇಲೋದಿಲ್ಲ, ಏನೂ ಕಾಣೋದಿಲ್ಲ. ನಾಳಿಯಿಂದ ನೀವು ಸ್ನಾನ ಮಾಡಿ ಎದ್ದ ಮ್ಯಾಲೆ ಒಂದು ಚಮಚ. ಉಂಡ ಮ್ಯಾಲೆ ಗಂಗಾಳ ತೊಳೀತೀವಲ್ಲ, ಹಂಗ.”

ಚೆನ್ನಬಸಮ್ಮ ಡಬ್ಬಿಯೊಳಗೆ ಇಣುಕಿ ನೋಡಿದಳು. ಮೂಗು ಮುರಿಯಲಿಲ್ಲ. “ಉಪ್ಪಿದ್ದಂಗೈತಿ.”

“ಒಣಗಿದ ಚಮಚದಾಗ ಹಾಕಬೇಕು. ಡಬ್ಬಿಗೆ ಒಂದು ಹನಿ ನೀರು ಬೀಳಬಾರದು.”

“ಉಪ್ಪಿನಕಾಯಿ ಭರಣಿಗೆ ನಿನಗಿಂತ ಮೊದಲು ಕೈ ಹಾಕೀನಿ. ಕೊಡಿಲ್ಲಿ,” ಎಂದು ಮುದುಕಿ ಚಮಚ ಕಸಿದುಕೊಂಡಳು. ಒಂದು, ಎರಡು. ಪಂಪಿನ ಗುಂಡಿಯನ್ನು ಸುಕನ್ಯಾ ಒತ್ತಿದಳು. ಹರಳು ನೀರು ಮುಟ್ಟಿದ ಕಡೆ ಮಂಜಿನಂತೆ ಹರಡಿ ಮಾಯವಾಯಿತು. ಚೆನ್ನಬಸಮ್ಮ ಬಗ್ಗಿ ಅದು ಎಲ್ಲಿ ಹೋಯಿತೆಂದು ಹುಡುಕಿದಳು. ಸಿಗಲಿಲ್ಲ. ಅದರಿಂದ ಅವಳಿಗೆ ಸಮಾಧಾನವಾದಂತೆ ಕಂಡಿತು.

“ನಂದೂ ಒಂದು ಮಾತೈತಿ ಅತ್ತಿ. ಎಣ್ಣಿ ಹಚ್ಕೊಂಡು ನೀರಿಗೆ ಇಳಿಯಂಗಿಲ್ಲ. ಬಚ್ಚಲದಾಗ ಸೀಗಿಕಾಯಿ ಹಾಕಿ ತಿಕ್ಕಿ ತೊಳದು, ಆಮೇಲೆ.”

“ಆತು ಬಿಡು. ನೀ ನನ್ನ ಬೆನ್ನು ತಿಕ್ಕಬೇಕು ಮತ್ತ.”

ಮರುದಿನ ಬೆಳಗಿನ ಐದಕ್ಕೆ ಓಣಿಯಲ್ಲಿ ಪಟಾಕಿ ಶುರುವಾಗಿತ್ತು. ಪಟ್ಟಿ ಮೂರು ಮತ್ತು ಐದರ ನಡುವಿನ ಬಣ್ಣ ತೋರಿಸಿತು. ನೀರು ಮೂವತ್ತೆಂಟು ಡಿಗ್ರಿ. ಹೊನ್ನೂರುಸ್ವಾಮಿ ಆರತಿ ತಟ್ಟೆ ಹಿಡಿದು ನಿಂತಿದ್ದ. ಎಣ್ಣೆ ತೊಳೆದು ಬಂದ ತಾಯಿ ಮೂರು ಮೆಟ್ಟಿಲು ಹತ್ತಿ, ನೀರಿಗೆ ಕೈಮುಗಿದು, ಒಂದು ಕಾಲು ಇಳಿಸಿದಳು, ಇನ್ನೊಂದು ಕಾಲು ಇಳಿಸಿದಳು, ಕಣ್ಣು ಮುಚ್ಚಿದಳು.

“ಎವ್ವಾ, ಹೆಂಗೈತಿ?” ಎಂದ ಮಗ.

“ಬಾಯಿ ಮುಚ್ಚಲೇ. ಇಪ್ಪತ್ತು ನಿಮಿಷ ಮಾತಾಡಬ್ಯಾಡ.”

ಎದ್ದು ಬಂದವಳು ಒದ್ದೆ ಸೀರೆ ಬದಲಿಸಿ, ಕೈ ಒರೆಸಿಕೊಂಡು, ತಾನೇ ಒಂದು ಚಮಚ ಹರಳು ಹಾಕಿದಳು.

ಆದರೆ ತೀರ್ಪು ಆ ದಿನದ್ದಲ್ಲ. ಗುಳ್ಳೆ ಏಳುವುದಿದ್ದರೆ ಎರಡು ದಿನ ಬೇಕು ಎಂದು ಸರ್ ಹೇಳಿದ್ದರು. ಆ ಎರಡು ದಿನವೂ ಬೆಳಿಗ್ಗೆ ಅತ್ತೆಯ ಬೆನ್ನನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡುವುದೇ ಸುಕನ್ಯಾಳ ಹಬ್ಬವಾಯಿತು. ಮೊದಲ ದಿನ ಏನೂ ಇರಲಿಲ್ಲ. ಎರಡನೆಯ ದಿನ ಸೊಂಟದ ಬಳಿ ಒಂದು ಕೆಂಪು ಚುಕ್ಕೆ. ಸುಕನ್ಯಾ ಅದನ್ನು ಬೆರಳಿನಿಂದ ಒತ್ತಿ ನೋಡಿದಳು.

“ಸೊಳ್ಳಿ ಕಡದದ್ದು ಅದು,” ಎಂದಳು ಚೆನ್ನಬಸಮ್ಮ ಸೆರಗು ಎಳೆದುಕೊಂಡು. “ನಿನ್ನ ಮದ್ದಿಗೆ ಯಾಕ ಅಪವಾದ?”

ಮೂರನೆಯ ದಿನದ ಸಂಜೆ ಸುಕನ್ಯಾ ಮಹಡಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಕೆಂಪು ಧೂಳು ಹತ್ತಿದ ಬಿಳಿ ಅಂಗಿ ಕೊಡವುತ್ತಿದ್ದ ಕೈ ತಾನಾಗಿ ನಿಂತಿತು. ಕೆಳಗಿನಿಂದ ಪಟಪಟ, ಪಟಪಟ ಸದ್ದು. ಒಂದು ರೊಟ್ಟಿ ಮುಗಿದು ಇನ್ನೊಂದಕ್ಕೆ ಹಿಟ್ಟು ತಿರುವುವಷ್ಟು ಬಿಡುವು, ಮತ್ತೆ ಪಟಪಟ. ಆ ಸದ್ದಿನ ನಡುವೆಯೇ ಅತ್ತೆಯ ದನಿ ಹಿತ್ತಲಿನ ಕಡೆಗೆ ಹೋಯಿತು.

“ಲೇ ಸ್ವಾಮೀ, ಲಾರಿ ಧೂಳಿನ ಮೈಯಾಗ ನನ್ನ ಬಾನಿಗೆ ಇಳಿಬ್ಯಾಡ! ಮೊದಲು ಬಚ್ಚಲಕ್ಕ ಹೋಗು! ಎದ್ದ ಮ್ಯಾಲೆ ಒಂದು ಚಮಚ ಹಾಕು. ಒಣಗಿದ್ದು! ಹಸಿ ಚಮಚ ಡಬ್ಬಿಗೆ ಹಾಕಿದ್ರ ನೋಡು!”